ಸುಮ್ನೆ ಬಂದೆ ಅನ್ನುವ ಗಿರಾಕಿ

ಅಮ್ಮ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದು ಒಂದು ದಾರದ ರೀಲಿನಿಂದ.

ಅವಳಿಗೆ ಕಿವಿ ಸ್ವಲ್ಪ ಮಂದ. ಏನೂ ಕೇಳಿಸುವುದಿಲ್ಲ ಅಂತಲ್ಲ. ಎದುರಿಗಿದ್ದವರ ಮುಖ ಕಾಣುತ್ತಿದ್ದರೆ ಮಾತು ಸಲೀಸಾಗಿ ಸಾಗುತ್ತದೆ, ಹೊಸಬರಿಗೆ ಗೊತ್ತೂ ಆಗುವುದಿಲ್ಲ. ಹತ್ತು ಹನ್ನೆರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು. ಅವಳು ತುಟಿ ನೋಡಿಕೊಂಡು ಮಾತು ಹಿಡಿಯುತ್ತಾಳೆ ಅನ್ನುವುದು ಮನೆಯವರಾದ ನಮಗೇ ಗೊತ್ತಿರಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕೊರೊನಾ ಬಂದು, ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯವಾದ ಮೇಲೆ.

ಅವತ್ತು ಹೊಲಿಗೆಗೆ ನೀಲಿ ದಾರ ಬೇಕಿತ್ತು. ಬಣ್ಣ ಹೊಂದಿಸಿ ನೋಡಲು ಬಟ್ಟೆಯ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದಳು. ನಾನೂ ಜೊತೆಗಿದ್ದೆ. ಆದರೆ ಒಳಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ಇದ್ದಿದ್ದರಿಂದ ಬಾಗಿಲ ಹತ್ತಿರವೇ ನಿಂತೆ. ಕೌಂಟರಿನ ಮುಂದೆ ಪ್ಲಾಸ್ಟಿಕ್ ಶೀಟು ಇಳಿಬಿಟ್ಟಿದ್ದರು. ಅದರ ಆಚೆ ಮಾಸ್ಕ್ ಹಾಕಿಕೊಂಡ ಹುಡುಗ. ಅವನು ಏನೋ ಕೇಳಿದ. ಅಮ್ಮ ‘ಆಂ?’ ಅಂದಳು. ಮತ್ತೆ ಕೇಳಿದ. ಅಮ್ಮ ಮುಂದಕ್ಕೆ ಬಾಗಿದಳು. ದೂರ ಇರಬೇಕಲ್ಲ, ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಮೂರನೇ ಸಲ ಜೋರಾಗಿ ಕೇಳಿದ. ಸಾಲಿನಲ್ಲಿ ಹಿಂದೆ ನಿಂತಿದ್ದವರೊಬ್ಬರು ‘ಉಫ್’ ಎಂದು ಉಸಿರು ಬಿಟ್ಟಿದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಅಮ್ಮ ‘ಹೂಂ, ಹೂಂ’ ಎಂದು ತಲೆಯಾಡಿಸಿ, ಅವನು ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟಳು.

ಮನೆಗೆ ಬಂದು ನೋಡಿದರೆ ದಾರವೇನೋ ನೀಲಿಯೇ, ಆದರೆ ಬಟ್ಟೆಗಿಂತ ಎರಡು ಪಟ್ಟು ಗಾಢ. ‘ಈ ಬಣ್ಣ ಇಲ್ಲ, ಸ್ವಲ್ಪ ಡಾರ್ಕ್ ಇದೆ, ಆಗುತ್ತಾ?’ ಅಂತ ಅವನು ಕೇಳಿರಬೇಕು. ಇವಳು ಹೂಂ ಅಂದಿದ್ದಾಳೆ. ಅಮ್ಮ ರೀಲನ್ನು ಮೇಜಿನ ಮೇಲಿಟ್ಟು, ‘ಇನ್ಮೇಲೆ ನೀನೇ ತಂದುಬಿಡು’ ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಅದೇ ಮನೆಯಲ್ಲಿ ಅಪ್ಪ ಇದ್ದಾರೆ. ಹೃದಯದ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ. ಮೊದಲ ಕೆಲವು ವಾರ ಅವರು ಗೇಟು ದಾಟಲಿಲ್ಲ. ಅಂಗಡಿಗಳಲ್ಲಿ ಅರ್ಧ ಜನ ಮಾಸ್ಕ್ ಹಾಕುತ್ತಿದ್ದರು, ಅರ್ಧ ಜನ ಹಾಕುತ್ತಿರಲಿಲ್ಲ. ಹಾಕಿದವರಲ್ಲೂ ಗಲ್ಲಕ್ಕೆ ಇಳಿಸಿಕೊಂಡವರೇ ಜಾಸ್ತಿ. ಕಡ್ಡಾಯ ಅಂತ ನಿಯಮ ಬಂದ ದಿನ ಅಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ‘ಎಲ್ಲರೂ ಹಾಕ್ಕೋತಾರಾ?’ ಹಾಕಿಕೊಳ್ಳದವರನ್ನು ಒಳಗೇ ಬಿಡುವುದಿಲ್ಲವಂತೆ ಅಂದೆ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು, ಮಾಸ್ಕ್ ಹಾಕಿ, ಮೂಗಿನ ಮೇಲಿನ ತಂತಿ ಎರಡು ಸಲ ಒತ್ತಿಕೊಂಡು, ಕೈಚೀಲ ಹಿಡಿದು ಹೊರಟರು. ಎಷ್ಟೋ ದಿನದ ಮೇಲೆ ಅವರು ಹೊರಗೆ ಕಾಲಿಟ್ಟಿದ್ದು ಅವತ್ತು.

ಒಂದೇ ನಿಯಮಕ್ಕೆ ಅಪ್ಪ ಹೊರಗೆ ಬಂದರು, ಅಮ್ಮ ಒಳಗೆ ಕೂತಳು. ಮಾಸ್ಕ್ ಕಡ್ಡಾಯ ಮಾಡಿದರೆ ಜನ ಅಂಗಡಿಗೆ ಬರುವುದು ಕಡಿಮೆಯಾಗುತ್ತದಾ, ಜಾಸ್ತಿಯಾಗುತ್ತದಾ ಅಂತ ಆಗ ತುಂಬ ಚರ್ಚೆ ನಡೆಯುತ್ತಿತ್ತು. ವ್ಯಾಪಾರ ಹಾಳಾಗುತ್ತದೆ ಅನ್ನುವವರು ಒಂದು ಕಡೆ, ಮಾಸ್ಕಿನಿಂದಲೇ ವ್ಯಾಪಾರ ಉಳಿಯುತ್ತದೆ ಅನ್ನುವವರು ಇನ್ನೊಂದು ಕಡೆ. ಕೇಳುವಾಗೆಲ್ಲ ನನಗೆ ಅಪ್ಪನ ಕೈಚೀಲವೂ ಅಮ್ಮನ ದಾರದ ರೀಲೂ ಒಟ್ಟಿಗೇ ನೆನಪಾಗುತ್ತಿದ್ದವು.

ಮೊದಲು ಅಪ್ಪನ ಕಡೆಯ ಮಾತು ಹೇಳುತ್ತೇನೆ, ಯಾಕೆಂದರೆ ಅಪ್ಪನಂಥವರು ತುಂಬ ಜನ ಇದ್ದರು.

ಅಂಗಡಿಗಳು ಖಾಲಿಯಾಗಿದ್ದಕ್ಕೆ ಸರ್ಕಾರದ ನಿಯಮಗಳೇ ಕಾರಣ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ 2020ರಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದರು. ಮೊಬೈಲ್ ಫೋನುಗಳ ಓಡಾಟದ ಮಾಹಿತಿ ಇಟ್ಟುಕೊಂಡು, ಸುಮಾರು 22.5 ಲಕ್ಷ ಅಂಗಡಿ ಮತ್ತು ವ್ಯಾಪಾರದ ಜಾಗಗಳಿಗೆ ಬರುವ ಜನ ಎಷ್ಟು ಕಡಿಮೆಯಾದರು ಅಂತ ಎಣಿಸಿದರು. ಮನೆಯಲ್ಲೇ ಇರಿ ಅನ್ನುವ ಆದೇಶ ಇದ್ದ ಕಡೆಯನ್ನೂ, ಅದರ ಪಕ್ಕದಲ್ಲೇ ಆದೇಶ ಇಲ್ಲದ ಕಡೆಯನ್ನೂ ಹೋಲಿಸಿದರು. ಜನರ ಬರುವಿಕೆ ಶೇ 60ರಷ್ಟು ಕುಸಿದಿತ್ತು. ಆ 60ರಲ್ಲಿ ಆದೇಶಗಳಿಂದ ಆಗಿದ್ದು 7 ಮಾತ್ರ. ಉಳಿದಿದ್ದು ಜನ ತಾವಾಗಿಯೇ ಮನೆಯಲ್ಲಿ ಉಳಿದಿದ್ದರಿಂದ. ದೊಡ್ಡ, ಗಿಜಿಗುಡುವ ಅಂಗಡಿ ಬಿಟ್ಟು ಸಣ್ಣ, ಖಾಲಿ ಅಂಗಡಿಗಳ ಕಡೆ ಜನ ಹೋಗುತ್ತಿದ್ದರು ಅನ್ನುವುದೂ ಅದೇ ಲೆಕ್ಕದಲ್ಲಿ ಕಂಡಿತು.

ಇದು ಮಾಸ್ಕಿನ ಬಗ್ಗೆ ಮಾಡಿದ ಅಧ್ಯಯನವಲ್ಲ. ಆದರೂ ಇದನ್ನು ಓದಿದಾಗ ಅಪ್ಪ ಗೇಟಿನ ಒಳಗೆ ನಿಂತು ಬೀದಿ ನೋಡುತ್ತಿದ್ದುದು ಅರ್ಥವಾಯಿತು. ಅವರನ್ನು ಯಾವ ಆದೇಶವೂ ಕಟ್ಟಿಹಾಕಿರಲಿಲ್ಲ. ಭಯ ಕಟ್ಟಿಹಾಕಿತ್ತು. ಅಂಗಡಿ ತೆಗೆದಿದೆ ಬನ್ನಿ ಅಂದರೆ ಆ ಭಯ ಹೋಗುವುದಿಲ್ಲ. ಒಳಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಏನಾದರೂ ಭರವಸೆ ಬೇಕು.

ಇಲ್ಲಿ ‘ಕಡ್ಡಾಯ’ ಅನ್ನುವ ಪದ ದೊಡ್ಡದು. ಅಪ್ಪನ ಹತ್ತಿರ ಮಾಸ್ಕ್ ಮೊದಲೇ ಇತ್ತಲ್ಲ, ಆಗ ಯಾಕೆ ಹೋಗಲಿಲ್ಲ? ಬಟ್ಟೆಯ ಮಾಸ್ಕು ಮುಖ್ಯವಾಗಿ ತಡೆಯುವುದು ಹಾಕಿಕೊಂಡವರ ಬಾಯಿ, ಮೂಗಿನಿಂದ ಬರುವ ತುಂತುರನ್ನು. ಒಳಗೆ ಬರುವುದನ್ನು ಅದು ತಡೆಯುವುದು ಅಷ್ಟಕ್ಕಷ್ಟೇ. ಹಾಗಾಗಿ ಅಪ್ಪನಿಗೆ ರಕ್ಷಣೆ ಬೇಕಿದ್ದರೆ ಅದು ಅಪ್ಪನ ಮುಖದ ಮೇಲಿದ್ದರೆ ಸಾಲದು, ಪಕ್ಕದಲ್ಲಿ ನಿಂತವರ ಮುಖದ ಮೇಲೂ ಇರಬೇಕು. ಅದನ್ನು ಅವರು ಅಂಗಡಿಯಲ್ಲಿ ಒಬ್ಬೊಬ್ಬರನ್ನೂ ಬೇಡಿಕೊಳ್ಳಲು ಆಗುತ್ತಾ? ನಿಯಮ ಬಂದರೆ ಬೇಡುವ ಕೆಲಸ ಇರುವುದಿಲ್ಲ. ಅವರು ಕೇಳಿದ ‘ಎಲ್ಲರೂ ಹಾಕ್ಕೋತಾರಾ?’ ಅನ್ನುವುದರಲ್ಲಿ ಇಷ್ಟೆಲ್ಲ ಇತ್ತು.

ದೇಶಗಳೂ ಇದನ್ನು ತಡವರಿಸಿಕೊಂಡೇ ಕಲಿತವು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಸಾಂಕ್ರಾಮಿಕ ಅಂತ ಕರೆದಾಗ, ಆರೋಗ್ಯವಂತರು ಮಾಸ್ಕ್ ಹಾಕಬೇಕಿಲ್ಲ ಅಂತಲೇ ಹೇಳುತ್ತಿತ್ತು. ಆ ಸಲಹೆ ಬದಲಾಗಿದ್ದು ಜೂನ್ 5ರಂದು. ಅಷ್ಟರೊಳಗೆ ಕೆಲವು ಕಡೆ ಅಂಗಡಿಗಳಲ್ಲಿ ಕಡ್ಡಾಯ ಆಗಿಹೋಗಿತ್ತು. ಆಸ್ಟ್ರಿಯಾದ ಸೂಪರ್ ಮಾರ್ಕೆಟುಗಳಲ್ಲಿ ಏಪ್ರಿಲ್ 6ರಿಂದ, ಅದೇ ದಿನ ಜರ್ಮನಿಯ ಯೇನಾ ಎಂಬ ಊರಿನಲ್ಲಿ, ತಿಂಗಳು ಮುಗಿಯುವುದರೊಳಗೆ ಇಡೀ ಜರ್ಮನಿಯ ಅಂಗಡಿಗಳಲ್ಲಿ. ಇಂಗ್ಲೆಂಡಿನಲ್ಲಿ ಜೂನ್ 15ಕ್ಕೆ ಅಂಗಡಿಗಳೆಲ್ಲ ತೆರೆದಿದ್ದವು, ಮಾಸ್ಕ್ ಕಡ್ಡಾಯವಾಗಿದ್ದು ಜುಲೈ 24ಕ್ಕೆ. ಆಸ್ಟ್ರಿಯಾ ಅಂತೂ ಜೂನ್ ಮಧ್ಯದಲ್ಲಿ ಅಂಗಡಿಗಳಲ್ಲಿ ನಿಯಮ ತೆಗೆದು, ಜುಲೈ 24ರಿಂದ ಸೂಪರ್ ಮಾರ್ಕೆಟ್, ಬ್ಯಾಂಕ್, ಅಂಚೆ ಕಚೇರಿಗಳಲ್ಲಿ ಮತ್ತೆ ತಂದಿತು. ಹಾಕು, ತೆಗೆ, ಮತ್ತೆ ಹಾಕು. ಇದೇನೂ ಹೊಸದಲ್ಲ. 1918ರ ಫ್ಲೂ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಅಕ್ಟೋಬರಿನಲ್ಲಿ ಕಡ್ಡಾಯ ಮಾಡಿ, ನವೆಂಬರ್ 21ಕ್ಕೆ ತೆಗೆದು, ಜನವರಿಯಲ್ಲಿ ಮತ್ತೆ ತಂದರು. ಎರಡನೇ ಸಲ ತಂದಾಗ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿಕೊಂಡಿತು.

ಮಾಸ್ಕ್ ಹಾಕಿದರೆ ಜನ ಧೈರ್ಯ ಜಾಸ್ತಿಯಾಗಿ ಮೈಮರೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ ಅನ್ನುವ ಆತಂಕವೂ ಆಗ ಇತ್ತು. ಇದಕ್ಕೆ ಹಳೆಯ ಬೇರು ಇದೆ. 1975ರಲ್ಲಿ ಸ್ಯಾಮ್ ಪೆಲ್ಟ್ಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು, ಕಾರುಗಳಲ್ಲಿ ಸುರಕ್ಷತೆ ಹೆಚ್ಚಿಸಿದರೆ ಜನ ಇನ್ನೂ ಜೋರಾಗಿ ಓಡಿಸುತ್ತಾರೆ ಅಂತ ವಾದಿಸಿದ್ದರು. ಮಾಸ್ಕಿನ ವಿಷಯದಲ್ಲಿ ಇದನ್ನು ನೇರವಾಗಿ ನೋಡುವ ಅವಕಾಶ ಬಾಂಗ್ಲಾದೇಶದಲ್ಲಿ ಸಿಕ್ಕಿತು. 2020ರ ನವೆಂಬರಿನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ ಅಧ್ಯಯನ ನಡೆಯಿತು. ಅದರಲ್ಲಿ ಅರ್ಧದಷ್ಟು ಕಡೆ ಉಚಿತವಾಗಿ ಮಾಸ್ಕ್ ಹಂಚಿ, ಹಾಕಿಕೊಳ್ಳಿ ಅಂತ ನೆನಪಿಸುತ್ತಾ ಹೋದರು. ಸಂತೆ, ರಸ್ತೆ, ಮಸೀದಿಗಳ ಹತ್ತಿರ ನಿಂತು ಎಣಿಸಿದರು. ಸರಿಯಾಗಿ ಮಾಸ್ಕ್ ಹಾಕುವವರು ಶೇ 13ರಿಂದ ಶೇ 42ಕ್ಕೆ ಏರಿದರು. ಅಂತರ ಕಾಯ್ದುಕೊಳ್ಳುವವರು ಕಡಿಮೆಯಾಗಲಿಲ್ಲ, ಶೇ 24 ಇದ್ದಿದ್ದು ಶೇ 29 ಆಯಿತು. ಮಾಸ್ಕು ಜನರಿಗೆ ಎಚ್ಚರಿಕೆಯನ್ನು ನೆನಪಿಸುತ್ತಿದ್ದಿರಬಹುದು.

ನನಗೂ ಇದು ಸರಿ ಅನಿಸುತ್ತದೆ, ಯಾಕೆಂದರೆ ನನ್ನ ಮೈಯಲ್ಲೇ ಅದನ್ನು ಕಂಡಿದ್ದೇನೆ. ಮಾಸ್ಕ್ ಹಾಕಿಕೊಂಡು ಒಳಗೆ ಹೋದ ತಕ್ಷಣ ಕೈಕಾಲಿನ ನಡವಳಿಕೆಯೇ ಬದಲಾಗುತ್ತಿತ್ತು. ಎಲ್ಲೂ ಮುಟ್ಟಬಾರದು, ಎಲ್ಲೂ ನಿಲ್ಲಬಾರದು, ಬೇಗ ಮುಗಿಸಬೇಕು. ಆ ಎಚ್ಚರಿಕೆ ಸೋಂಕು ತಡೆಯಲು ಒಳ್ಳೆಯದು. ಅಂಗಡಿ ಸುತ್ತುವ ಖುಷಿಗೆ ಅದು ಆಗಿಬರುವುದಿಲ್ಲ.

ಆಗ ನಾನು ಹೋಗುತ್ತಿದ್ದ ರೀತಿ ಹೀಗಿತ್ತು. ಮನೆಯಲ್ಲೇ ಕೂತು ಚೀಟಿ ಬರೆಯುತ್ತಿದ್ದೆ. ಅಂಗಡಿಯ ಒಳಗೆ ಯಾವ ಕಡೆಯಿಂದ ಹೋದರೆ ಯಾವುದು ಮೊದಲು ಸಿಗುತ್ತದೆ ಅನ್ನುವುದನ್ನು ನೋಡಿ ಅದೇ ಸಾಲಿನಲ್ಲಿ ಬರೆಯುತ್ತಿದ್ದೆ. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್, ಒಳಗೆ ಹೋಗಿ ಚೀಟಿಯಲ್ಲಿದ್ದುದನ್ನು ಟ್ರಾಲಿಗೆ ಹಾಕುವುದು. ಯಾವುದರದ್ದಾದರೂ ತಾರೀಕು ನೋಡೋಣ ಅಂತ ಬಗ್ಗಿದರೆ ಉಸಿರು ಮಾಸ್ಕಿನ ಮೇಲಿನಿಂದ ನುಗ್ಗಿ ಕನ್ನಡಕಕ್ಕೆ ಹಬೆ ಹಿಡಿಯುತ್ತಿತ್ತು. ಪೊಟ್ಟಣ ಕೈಯಲ್ಲಿ ಹಿಡಿದು, ಹಬೆ ಆರುವವರೆಗೆ ಕಣ್ಣು ಕಾಣದೆ ನಿಂತಿರಬೇಕು. ಹಿಂದೆ ಯಾರೋ ಕಾಯುತ್ತಿದ್ದಾರೆ ಅನ್ನುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ತಾರೀಕು ನೋಡುವುದನ್ನೇ ಬಿಟ್ಟೆ. ಹೊಸ ವಸ್ತು ಕೈಗೆತ್ತಿಕೊಂಡು ಓದುವುದನ್ನೂ ಬಿಟ್ಟೆ. ಹಳೆಯದೇ, ಗೊತ್ತಿರುವುದೇ, ಅದೇ ಬಣ್ಣದ ಪೊಟ್ಟಣ. ಕೊನೆಗೆ ಬಿಲ್ಲಿಂಗ್ ಕೌಂಟರಿನಲ್ಲಿ ಹಣ ಕಟ್ಟಲು ಫೋನ್ ಎತ್ತಿದರೆ ಫೋನಿಗೆ ನನ್ನ ಮುಖ ಗುರುತು ಸಿಗುತ್ತಿರಲಿಲ್ಲ. ಮಾಸ್ಕ್ ಇದ್ದರೂ ಮುಖ ಗುರುತು ಹಿಡಿಯುವುದನ್ನು ಐಫೋನು ಕಲಿತಿದ್ದು 2022ರ ಮಾರ್ಚಿನಲ್ಲಿ, ಅಷ್ಟರಲ್ಲಿ ಎಷ್ಟೋ ಕಡೆ ನಿಯಮವೇ ಹೋಗಿತ್ತು.

ಇಷ್ಟರಲ್ಲಿ ‘ಸುಮ್ನೆ ಒಂದು ಸಲ ನೋಡ್ಕೊಂಡು ಬರೋಣ’ ಅನ್ನುವುದಕ್ಕೆ ಎಲ್ಲಿ ಜಾಗ?

ಚಿಕ್ಕಮ್ಮನ ಮಗಳು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತಾಳೆ. ಅವಳನ್ನು ಕೇಳಿದರೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಾಳೆ. ‘ಅಕ್ಕಾ, ಬರುವವರು ಅರ್ಧಕ್ಕರ್ಧ ಕಡಿಮೆ ಆದರು. ಆದರೆ ಬಂದವರು ತಗೊಂಡೇ ಹೋಗ್ತಿದ್ದರು’ ಅಂದಳು ಒಂದು ದಿನ. ಮೊದಲಾದರೆ ಹತ್ತು ಜನ ಬಂದು, ನಾಲ್ಕು ಜನ ಬರೀ ನೋಡಿ, ನಾಲ್ಕು ಜನ ಹಾಕಿ ನೋಡಿ, ಇಬ್ಬರು ಕೊಳ್ಳುತ್ತಿದ್ದರು. ಮಾಸ್ಕ್ ಬಂದ ಮೇಲೆ ಮೂವರೋ ನಾಲ್ವರೋ ಬರುತ್ತಿದ್ದರು, ಬಂದವರಿಗೆ ಏನು ಬೇಕು ಅನ್ನುವುದು ಗೊತ್ತಿರುತ್ತಿತ್ತು. ಅಳತೆ ಹೇಳು, ಬಣ್ಣ ಹೇಳು, ತಗೋ, ಹೊರಡು. ಗಲ್ಲಾದ ಲೆಕ್ಕ ನೋಡಿದರೆ ಅಂದುಕೊಂಡಷ್ಟು ನಷ್ಟ ಕಾಣುತ್ತಿರಲಿಲ್ಲ ಅಂತಾಳೆ. ಅಂಗಡಿ ನಡೆಸುವವರು ಇಬ್ಬರು ಮೂವರಿಂದ ನಾನು ಇದೇ ಮಾತನ್ನು ಕೇಳಿದ್ದೇನೆ. ಬಾಗಿಲು ದಾಟಿದವರ ಎಣಿಕೆ ಬಿತ್ತು, ಕೊಂಡವರ ಪಾಲು ಏರಿತು.

‘ಹಾಗಾದರೆ ನಿಮಗೆ ಒಳ್ಳೆಯದೇ ಆಯ್ತಲ್ವಾ?’ ಅಂದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಬರೀ ನೋಡೋಕೆ ಬರೋರ ಜೊತೆ ಮಾತಾಡೋದೇ ನನ್ನ ಕೆಲಸ ಅಂದ್ಕೊಂಡಿದ್ದೆ’ ಅಂದಳು.

ಅದು ನಿಜ. ಏನು ಬೇಕು ಅಂತ ಗೊತ್ತಿಲ್ಲದೆ ಬಂದವರಿಗೇ ಅಂಗಡಿಯವರ ಸಹಾಯ ಬೇಕಾಗುವುದು. ಅಂಥವರನ್ನು ನಿಲ್ಲಿಸುವುದು ಒಂದು ನಗು, ‘ಇದು ನಿಮಗೆ ಚೆನ್ನಾಗಿ ಕಾಣುತ್ತೆ’ ಅನ್ನುವಾಗಿನ ಮುಖ. ಅರ್ಧ ಮುಖ ಮುಚ್ಚಿದ್ದರೆ ಹೇಳುವ ಮಾತು ನಿಜವಾ, ವ್ಯಾಪಾರಕ್ಕೆ ಹೇಳಿದ್ದಾ ಅನ್ನುವುದು ಗಿರಾಕಿಗೆ ತಿಳಿಯುವುದಿಲ್ಲ. ಹಾಕಿ ನೋಡಿದವರಿಗೂ ಅದೇ ಕಷ್ಟ. ಕನ್ನಡಿಯ ಮುಂದೆ ಹೊಸ ಅಂಗಿ ಹಾಕಿ ನಿಂತರೆ ಕಾಣುವುದು ಮಾಸ್ಕ್ ಹಾಕಿದ ಒಂದು ಆಕೃತಿ. ನಾನು ಒಮ್ಮೆ ಹಾಗೆ ನಿಂತು, ಬಟ್ಟೆ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸಲಾಗದೆ ವಾಪಸ್ ಇಟ್ಟು ಬಂದಿದ್ದೆ. ಕಿವಿಯೋಲೆ, ಲಿಪ್‌ಸ್ಟಿಕ್, ಸುಗಂಧ ಮಾರುವವರ ಪಾಡು ಇನ್ನೂ ಕಷ್ಟ. ತುಟಿಯೇ ಕಾಣದಿದ್ದರೆ ಬಣ್ಣ ಯಾರಿಗೆ?

ಮಕ್ಕಳನ್ನು ಕರೆದುಕೊಂಡು ಹೋಗುವುದೂ ನಿಂತಿತು. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟಿನಲ್ಲಿ ಹೇಳಿದ್ದವು. ಆದರೆ ಮಾಸ್ಕ್ ಇಲ್ಲದ ಮಗುವನ್ನು ಎತ್ತಿಕೊಂಡು, ಮಾಸ್ಕ್ ಹಾಕಿದ ಅಷ್ಟು ಜನರ ನಡುವೆ ನಿಲ್ಲುವ ಧೈರ್ಯ ಎಷ್ಟು ತಾಯಂದಿರಿಗೆ ಬರುತ್ತದೆ? ಮನೆಯಿಂದ ಒಬ್ಬರು ಹೋದರೆ ಸಾಕು ಅಂತಾಯಿತು. ಆ ಒಬ್ಬರೂ ಬೇಡ, ಫೋನಿನಲ್ಲೇ ತರಿಸೋಣ ಅಂತ ಎಷ್ಟೋ ಮನೆಗಳಲ್ಲಿ ಆಯಿತು.

ಬಾಗಿಲ ಮೇಲಿನ ‘ಮಾಸ್ಕ್ ಕಡ್ಡಾಯ’ ಅನ್ನುವ ಫಲಕವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅಪ್ಪ ಅದನ್ನು ‘ಇಲ್ಲಿ ಹುಷಾರಾಗಿದ್ದಾರೆ, ಬಾ’ ಅಂತ ಓದುತ್ತಿದ್ದರು. ನನ್ನ ಗೆಳತಿಯೊಬ್ಬಳು ಅದನ್ನೇ ‘ಇಲ್ಲಿ ಅಪಾಯ ಇದೆ’ ಅಂತ ಓದುತ್ತಿದ್ದಳು. ಮನೆಯಲ್ಲಿದ್ದಾಗ ಮರೆತಿರುತ್ತಿದ್ದ ಕೊರೊನಾ ಆ ಫಲಕ ನೋಡಿದ ತಕ್ಷಣ ನೆನಪಾಗಿ, ಅರ್ಧ ದಾರಿಯಿಂದ ವಾಪಸ್ ಬಂದಿದ್ದಾಳೆ. ಇನ್ನೂ ಕೆಲವರಿಗೆ ಅದು ‘ನೀನು ಹೀಗೇ ಇರಬೇಕು’ ಅಂತ ಬೆರಳು ತೋರಿಸಿದಂತೆ ಕಾಣುತ್ತಿತ್ತು. ಅವರು ಬೇಕೆಂದೇ ಹೋಗಲಿಲ್ಲ. ಕೆಲವರು ಹೋಗಿ ಜಗಳ ಮಾಡಿದರು.

ಆ ಜಗಳ ಯಾರ ಮೇಲೆ ಬಿತ್ತು ಅನ್ನುವುದನ್ನು ಹೇಳಲೇಬೇಕು. ನಿಯಮ ಮಾಡಿದವರು ಬಾಗಿಲಲ್ಲಿ ನಿಂತಿರಲಿಲ್ಲ. ನಿಂತಿದ್ದವರು ಕಡಿಮೆ ಸಂಬಳದ ಕೆಲಸಗಾರರು. ಚಿಕ್ಕಮ್ಮನ ಮಗಳಿಗೂ ಒಂದು ತಿಂಗಳು ಬಾಗಿಲ ಕಾಯುವ ಕೆಲಸ ಕೊಟ್ಟಿದ್ದರು. ದಿನಕ್ಕೆ ಎಂಟು ಒಂಬತ್ತು ಗಂಟೆ ಅವಳೂ ಮಾಸ್ಕ್ ಹಾಕಿಕೊಂಡು, ಬರುವವರಿಗೆಲ್ಲ ‘ಸ್ವಲ್ಪ ಮೂಗಿನ ಮೇಲೆ ಎಳ್ಕೊಳ್ಳಿ’ ಅನ್ನಬೇಕು. ರಾತ್ರಿ ಮನೆಗೆ ಬಂದು ಮಾಸ್ಕ್ ತೆಗೆದರೆ ಎರಡೂ ಕಿವಿಯ ಹಿಂದೆ ಎಲಾಸ್ಟಿಕ್ ಉಜ್ಜಿ ಕೆಂಪು ಗೆರೆ. ಮೂಗಿನ ಮೇಲೆ ತಂತಿಯ ಗುರುತು. ದಿನವಿಡೀ ಕೂಗಿ ಗಂಟಲು ಕೂತಿರುತ್ತಿತ್ತು. ‘ಅವಮಾನ ಮಾಡ್ತಾರಕ್ಕಾ’ ಅಂತ ಒಂದೇ ಒಂದು ಸಲ ಹೇಳಿದಳು. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ 2020ರ ಮೇ ತಿಂಗಳ ಮೊದಲ ದಿನ, ಮಾಸ್ಕ್ ಹಾಕಿಕೊಳ್ಳಿ ಅಂದಿದ್ದರಿಂದ ಶುರುವಾದ ಜಗಳದಲ್ಲಿ ಅಂಗಡಿಯ ಕಾವಲುಗಾರನನ್ನೇ ಗುಂಡಿಟ್ಟು ಕೊಂದರು. ಅದನ್ನು ಓದಿದ ಮೇಲೆ ಅವಳ ಒಂದು ಸಾಲು ನನಗೆ ಬೇರೆ ಥರ ಕೇಳಿಸತೊಡಗಿತು.

ಇಷ್ಟಾದರೂ ನನ್ನ ಅಭಿಪ್ರಾಯ, ಕಡ್ಡಾಯ ಮಾಡಿದ್ದು ಸರಿ. ಇಷ್ಟ ಇದ್ದವರು ಹಾಕಿ, ಇಲ್ಲದವರು ಬಿಡಿ ಅಂದಿದ್ದರೆ ಎಲ್ಲರಿಗಿಂತ ಮೊದಲು ಮನೆಯಲ್ಲಿ ಉಳಿಯುತ್ತಿದ್ದವರು ಅಪ್ಪನಂಥವರು. ಕಾಯಿಲೆ ಇರುವವರು, ವಯಸ್ಸಾದವರು, ಮನೆಯಲ್ಲಿ ಅಂಥವರನ್ನು ಇಟ್ಟುಕೊಂಡವರು. ಅವರ ಎಣಿಕೆ ಸಣ್ಣದಲ್ಲ. ಅರ್ಧಂಬರ್ಧ ನಿಯಮ ಇದ್ದ ದಿನಗಳಲ್ಲೇ ಜಗಳವೂ ಜಾಸ್ತಿ ಇತ್ತು, ಯಾಕೆಂದರೆ ಹಾಕಿ ಅನ್ನುವುದು ಅಂಗಡಿಯವರ ಸ್ವಂತ ಹಟದಂತೆ ಕಾಣುತ್ತಿತ್ತು. ಅಮೆರಿಕದಲ್ಲಿ ವಾಲ್‌ಮಾರ್ಟ್ 2020ರ ಜುಲೈ 20ರಿಂದ ತನ್ನ ಎಲ್ಲ ಅಂಗಡಿಗಳಲ್ಲೂ ಮಾಸ್ಕ್ ಬೇಕು ಅಂತ ಮಾಡಿತು. ಅಷ್ಟರಲ್ಲಿ ಅದರ ಸುಮಾರು ಶೇ 65ರಷ್ಟು ಅಂಗಡಿಗಳಿದ್ದ ಊರುಗಳಲ್ಲಿ ಯಾವುದಾದರೊಂದು ನಿಯಮ ಇದ್ದೇ ಇತ್ತು. ಒಂದು ಅಂಗಡಿಯಲ್ಲಿ ಬೇಕು, ಮುಂದಿನ ಊರಿನ ಅಂಗಡಿಯಲ್ಲಿ ಬೇಡ ಅಂತಾದರೆ ಕೆಲಸ ಮಾಡುವವರು ಏನಂತ ಹೇಳಬೇಕು? ಎಲ್ಲ ಕಡೆ ಒಂದೇ ಮಾತು ಇದ್ದರೆ ಬಾಗಿಲಲ್ಲಿ ನಿಂತ ಹುಡುಗಿಗೂ ಬೆನ್ನಿಗೆ ಒಂದು ಗೋಡೆ ಇರುತ್ತದೆ.

ಆದರೆ ಆ ನಿಯಮದಲ್ಲಿ ಅಮ್ಮನಿಗೂ ಒಂದು ಜಾಗ ಇರಬೇಕಿತ್ತು.

ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ‘ಬಾ’ ಅನ್ನುವ ದನಿಯನ್ನು, ‘ಗಾ’ ಅನ್ನುತ್ತಿರುವ ಬಾಯಿಯ ಚಿತ್ರದ ಜೊತೆ ಸೇರಿಸಿ ತೋರಿಸಿದರೆ, ಹೆಚ್ಚಿನವರಿಗೆ ‘ದಾ’ ಅಂತ ಕೇಳಿಸುತ್ತಿತ್ತು. ಕಿವಿ ಚೆನ್ನಾಗಿರುವವರಿಗೇ ಹೀಗೆ. ಕಣ್ಣು ತುಟಿಯನ್ನು ನೋಡಿ, ಕಿವಿಗೆ ಬಿದ್ದ ದನಿಯನ್ನು ತಿದ್ದುತ್ತಿರುತ್ತದೆ. ಕಿವಿ ಮಂದವಾದವರು ಆ ತಿದ್ದುವಿಕೆಯ ಮೇಲೇ ಬದುಕುತ್ತಾರೆ. ಮೇಲಾಗಿ ಮಾಸ್ಕು ಸ, ಶ, ಫ ಥರದ ಸಣ್ಣ, ಚೂಪು ದನಿಗಳನ್ನೇ ಹೆಚ್ಚು ಹೀರಿಕೊಳ್ಳುತ್ತದೆ. ವಯಸ್ಸಾದವರಿಗೆ ಮೊದಲು ಕೇಳಿಸದೆ ಹೋಗುವುದೂ ಅವೇ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ತುಟಿ ಕಾಣುವ ಪಾರದರ್ಶಕ ಮಾಸ್ಕುಗಳೂ ಬಂದವು. ಆದರೆ ಪ್ಲಾಸ್ಟಿಕ್ಕು ದನಿಯನ್ನು ಬಟ್ಟೆಗಿಂತ ಜಾಸ್ತಿ ತಡೆಯುತ್ತದೆ.

ಇಂಗ್ಲೆಂಡಿನ ನಿಯಮದಲ್ಲಿ ಇದಕ್ಕೊಂದು ದಾರಿ ಇತ್ತು. ತುಟಿ ನೋಡಿ ಅರ್ಥ ಮಾಡಿಕೊಳ್ಳುವವರ ಜೊತೆ ಮಾತಾಡುವಾಗ ಮಾಸ್ಕ್ ತೆಗೆಯಬಹುದು ಅಂತ ಕಾನೂನಿನಲ್ಲೇ ಬರೆದಿದ್ದರು. ಎಷ್ಟು ಸಣ್ಣ ಸಾಲು ನೋಡಿ! ಆ ಸಾಲು ಎಲ್ಲ ಅಂಗಡಿಗಳ ಬಾಗಿಲಲ್ಲೂ ‘ಮಾಸ್ಕ್ ಕಡ್ಡಾಯ’ ಅನ್ನುವುದರ ಕೆಳಗೆ ಇದ್ದಿದ್ದರೆ, ಪ್ಲಾಸ್ಟಿಕ್ ಶೀಟಿನ ಆಚೆ ಇದ್ದ ಹುಡುಗ ಎರಡು ಹೆಜ್ಜೆ ಹಿಂದೆ ಹೋಗಿ, ಮಾಸ್ಕ್ ಒಂದು ಕ್ಷಣ ಇಳಿಸಿ, ‘ಡಾರ್ಕ್ ಆಗುತ್ತಾ ಅಮ್ಮ?’ ಅನ್ನಬಹುದಿತ್ತು. ಅಥವಾ ಒಂದು ಚೀಟಿ, ಪೆನ್ನು ಕೌಂಟರಿನ ಮೇಲೆ ಇದ್ದಿದ್ದರೂ ಸಾಕಿತ್ತು. ನನಗೂ ಅದು ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಒಳಗೆ ಹೋಗಿ ‘ಅವರಿಗೆ ಕೇಳಿಸಲ್ಲ, ಬರೆದು ತೋರಿಸಿ’ ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನಿಯಮ ಹೋದ ದಿನ ಎಲ್ಲ ಮೊದಲಿನಂತಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಈಗ ಅಪ್ಪನಿಗೆ ಹಿಂಜರಿಕೆ ಶುರುವಾಯಿತು. ‘ಯಾರೂ ಹಾಕ್ಕೊಳ್ಳಲ್ವಂತೆ’ ಅಂತ ಎರಡು ವಾರ ಹೋಗಲಿಲ್ಲ. ಆಮೇಲೆ ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು, ತಾವೊಬ್ಬರೇ ಮಾಸ್ಕ್ ಹಾಕಿಕೊಂಡು ಹೋಗತೊಡಗಿದರು. ಜಪಾನಿನಲ್ಲಿ ಕಾನೂನಿನ ಕಡ್ಡಾಯ ಯಾವತ್ತೂ ಇರಲಿಲ್ಲ. 2023ರ ಮಾರ್ಚ್ 13ರಿಂದ ಹಾಕುವುದು ಬಿಡುವುದು ನಿಮ್ಮಿಷ್ಟ ಅಂತ ಸರ್ಕಾರ ಹೇಳಿದ ಮೇಲೂ ತುಂಬ ಜನ ಹಾಕಿಕೊಂಡೇ ಓಡಾಡಿದರು. ಆ ಚಿತ್ರಗಳನ್ನು ನೋಡಿದಾಗ ಅಪ್ಪನಿಗೆ ಸಮಾಧಾನವಾಗಿತ್ತು.

ಅಮ್ಮನಿಗಂತೂ ಮನೆಯಲ್ಲೇ ಇರುವುದು ರೂಢಿಯಾಗಿಬಿಟ್ಟಿತ್ತು. ‘ನೀನೇ ತರ್ತೀಯಲ್ಲ’ ಅನ್ನುತ್ತಿದ್ದಳು. ಒಂದು ಸಲ ಬಿಟ್ಟುಹೋದ ಓಡಾಟ ನಿಯಮ ತೆಗೆದ ತಕ್ಷಣ ವಾಪಸ್ ಬರುವುದಿಲ್ಲ. ‘ಏನೂ ತರಬೇಕಿಲ್ಲ, ಸುಮ್ನೆ ಹೋಗಿ ಬರೋಣ’ ಅಂತ ನಾನು ಮೂರು ನಾಲ್ಕು ಸಲ ಕರೆದೆ. ಏನೂ ತರಬೇಕಿಲ್ಲದ ಮೇಲೆ ಯಾಕೆ ಹೋಗುವುದು ಅಂತ ಅವಳಿಗೆ ನಿಜವಾಗಲೂ ಅರ್ಥವಾಗುತ್ತಿರಲಿಲ್ಲ. ಮೊದಲು ನನ್ನನ್ನು ಹಾಗೆ ಸುತ್ತಿಸುತ್ತಿದ್ದವಳು ಅವಳೇ.

ಕೊನೆಗೆ ಒಂದು ಸಂಜೆ ಬಂದಳು. ಅಪ್ಪನೂ ಬಂದರು, ಮಾಸ್ಕ್ ಹಾಕಿಕೊಂಡು. ನಡೆದುಕೊಂಡು ಹೋಗುತ್ತಾ ಆ ದಾರದ ಅಂಗಡಿ ಸಿಕ್ಕಿತು. ಅಪ್ಪ ಬಾಗಿಲ ಹೊರಗೇ ನಿಂತರು. ನಾನು ಈ ಸಲ ಅಮ್ಮನ ಪಕ್ಕದಲ್ಲೇ ಒಳಗೆ ಹೋದೆ. ಪ್ಲಾಸ್ಟಿಕ್ ಶೀಟು ತೆಗೆದಿದ್ದರು, ಅದನ್ನು ಕಟ್ಟಿದ್ದ ಹಗ್ಗದ ತುಂಡು ಮಾತ್ರ ಮೇಲೆ ನೇತಾಡುತ್ತಿತ್ತು. ಅದೇ ಹುಡುಗ. ಮುಖ ಪೂರ್ತಿ ಕಾಣುತ್ತಿತ್ತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ‘ಅಯ್ಯೋ, ಇಷ್ಟು ಚಿಕ್ಕ ಹುಡುಗನಾ ನೀನು!’ ಅಂದಳು ಅಮ್ಮ. ಅವನು ನಕ್ಕು, ‘ಏನು ಬೇಕಿತ್ತಮ್ಮ?’ ಅಂದ. ಅಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. ಒಂದೇ ಸಲಕ್ಕೆ ಅರ್ಥವಾಯಿತು.

‘ಏನೂ ಬೇಡಪ್ಪ, ಸುಮ್ನೆ ಬಂದೆ’ ಅಂದಳು. ಆಮೇಲೆ ಏನೋ ನೆನಪಾಗಿ, ತಾನು ತೊಟ್ಟಿದ್ದ ನೀಲಿ ಬಟ್ಟೆಯ ಅಂಚನ್ನು ಮಡಚಿ ಒಳಗಿನ ಹೊಲಿಗೆ ತೋರಿಸಿದಳು. ‘ನೋಡು, ಅವತ್ತು ನೀನು ಕೊಟ್ಟ ದಾರ.’ ಹುಡುಗ ಕೌಂಟರಿನ ಮೇಲೆ ಬಾಗಿ ನೋಡಿದ. ಬಟ್ಟೆಗೂ ದಾರಕ್ಕೂ ಹೊಂದುತ್ತಿರಲಿಲ್ಲ. ಅವನು ಹಿಂದೆ ತಿರುಗಿ, ಗೋಡೆಯ ಮೇಲಿನ ಸಾಲಿನಿಂದ ಒಂದೊಂದೇ ನೀಲಿ ರೀಲು ತೆಗೆದು ಆ ಅಂಚಿನ ಪಕ್ಕ ಇಟ್ಟು ನೋಡತೊಡಗಿದ. ಅಮ್ಮ ಪಕ್ಕದಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತಳು.